ಹದಿನೇಳು ವರ್ಷ ನಿಂತಿದ್ದ ತಾತನ ಜಾವಾ, ಜೊತೆಗೊಂದು ರ‍್ಯಾಲಿ ಸೈಕಲ್ಲು: ಒಂದು ಪ್ರಕರಣ

ಮೈಸೂರಿನ ಹಳೇ ಬಡಾವಣೆಯ ಒಂದು ಮನೆ. ಹಿತ್ತಿಲಿನ ಸೌದೆ ಕೊಟ್ಟಿಗೆಯಲ್ಲಿ ಎರಡು ವಾಹನ. ಒಂದು 1966ರಲ್ಲಿ ನೋಂದಣಿಯಾದ ಜಾವಾ 250, ಮಾದರಿ 353/04, ಹಳಬರ ಬಾಯಲ್ಲಿ ‘ಎ ಟೈಪ್’. ಇನ್ನೊಂದು ಇಂಗ್ಲೆಂಡಿನ ಕಂಪನಿಯೊಂದರ ರಾಡ್ ಬ್ರೇಕಿನ ರ‍್ಯಾಲಿ ಸೈಕಲ್ಲು. ಎರಡನ್ನೂ ತಂದವರು ಮನೆಯ ಯಜಮಾನರು. ಜಾವಾ 2008ರಲ್ಲಿ ನಿಂತಿತು, ಮರುವರ್ಷ ಅವರೂ ಹೋದರು. 2025ರಲ್ಲಿ ಮಗಳ ಮಗ ಅದನ್ನು ಓಡಿಸಬೇಕೆಂದು ಹೊರಟಾಗ ಏನೇನಾಯಿತು, ಎಲ್ಲಿ ತಪ್ಪಿತು, ಹೇಗೆ ಸರಿಹೋಯಿತು ಎಂಬುದು ಇಲ್ಲಿನ ವಿಷಯ.

ಗಾಡಿಯ ಬಗ್ಗೆ ಎರಡು ಮಾತು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಜೆಕ್ ಕಂಪನಿಯ ಪರವಾನಗಿ ಪಡೆದು ಉತ್ಪಾದನೆ ಶುರುಮಾಡಿತು. ಮುಂದೆ ಅದೇ ಕಾರ್ಖಾನೆಯ ಗಾಡಿಗಳು ಯೆಜ್ಡಿ ಎಂಬ ಹೆಸರಲ್ಲಿ ಬಂದವು, 1996ರಲ್ಲಿ ಬಾಗಿಲು ಮುಚ್ಚಿತು. 353ರದು ಪೆಟ್ರೋಲಿಗೇ ಎಣ್ಣೆ ಬೆರೆಸಿ ಓಡಿಸುವ ಟೂ ಸ್ಟ್ರೋಕ್ ಎಂಜಿನ್. ಸಿಲಿಂಡರ್ ಒಂದೇ, ಬೋರು (ಸಿಲಿಂಡರಿನ ಒಳಗಿನ ಅಗಲ) 65 ಮಿ.ಮೀ., ಸ್ಟ್ರೋಕು (ಪಿಸ್ಟನ್ ಓಡಾಡುವ ದೂರ) 75 ಮಿ.ಮೀ. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್ ಇರುವುದರಿಂದ ಹೊಸಬರು ಇದನ್ನು ಎರಡು ಸಿಲಿಂಡರಿನದೆಂದು ಲೆಕ್ಕ ಹಾಕುತ್ತಾರೆ. ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. 2018ರಲ್ಲಿ ಜಾವಾ ಹೆಸರಲ್ಲಿ ಮತ್ತೆ ಬಂದ ಗಾಡಿಗಳು ಫೋರ್ ಸ್ಟ್ರೋಕ್. ಅವುಗಳ ಎಂಜಿನ್ನಿನ ಒಂದು ನಟ್ಟೂ ಇದಕ್ಕೆ ಬರುವುದಿಲ್ಲ. ಅಂಗಡಿಯಲ್ಲಿ ಬರೀ ‘ಜಾವಾ’ ಎಂದರೆ ಈಗ ಸಾಲದು, ಮಾದರಿ ಸಂಖ್ಯೆಯನ್ನೂ ಹೇಳಬೇಕು.

ಮೊದಲ ವಾರದ ಅನಾಹುತ

ಉತ್ಸಾಹದಲ್ಲಿ ಆದದ್ದಿಷ್ಟು. ಕಿಕ್ಕರ್ ಅಲುಗಲಿಲ್ಲ, ಎಂಜಿನ್ ಜಾಮ್. ಪ್ಲಗ್ ಬಿಚ್ಚಿ ಒಂದು ಲೋಟ ಸೀಮೆಎಣ್ಣೆ ಸುರಿದು, ಮರುದಿನ ಮೂರನೇ ಗೇರಿಗೆ ಹಾಕಿ ಇಬ್ಬರು ಹಿಂದೆ ಮುಂದೆ ತಳ್ಳಿದರು. ಟಕ್ ಎಂದು ಬಿಟ್ಟುಕೊಂಡಿತು. ಹೊಸ ಬ್ಯಾಟರಿ, ಹೊಸ ಪ್ಲಗ್, ಬಾಟಲಿಯಿಂದ ಪೆಟ್ರೋಲು. ಇಪ್ಪತ್ತು ಕಿಕ್ಕಿಗೆ ಗಾಡಿ ಎದ್ದಿತು. ಎದ್ದದ್ದು ಎರಡು ನಿಮಿಷ. ರೇಸ್ ಕೊಡದೆಯೇ ಎಂಜಿನ್ ಏರುತ್ತಾ ಹೋಯಿತು, ಹಿತ್ತಿಲೆಲ್ಲ ಬಿಳಿ ಹೊಗೆ, ಕೀ ತೆಗೆದು ನಿಲ್ಲಿಸಿದರು. ಆಮೇಲೆ ಪ್ಲಗ್ ನೋಡಿದರೆ ಎಣ್ಣೆಯಲ್ಲಿ ಮಿಂದಿತ್ತು.

ರೇಸ್ ಏರಿದೊಡನೆ ಎಲ್ಲರ ಕೈ ಹೋಗುವುದು ಕಾರ್ಬೊರೇಟರಿಗೆ. ಇಲ್ಲೂ ಹಾಗೇ ಆಯಿತು. ಮೂಲದ ಜಿಕೊವ್ ಕಾರ್ಬೊರೇಟರ್ ಕಳಚಿ ಬೇರೆ ಕಂಪನಿಯದು ಕೂರಿಸಿದರು. ರೋಗ ಹಾಗೇ ಉಳಿಯಿತು. ಅಷ್ಟರಲ್ಲಿ ಪೇಂಟಿನವನು ಟಾಂಕಿ ಬಿಚ್ಚಿ ಒಯ್ಯಲು ಬಂದಿದ್ದ. ಕೆಲಸ ನಿಂತದ್ದು ಆ ಹಂತದಲ್ಲಿ. ನಿಂತದ್ದೇ ಒಳ್ಳೆಯದಾಯಿತು.

ಹೀಗೆ ಕೈಗೆ ಬಂದ ಗಾಡಿಯಲ್ಲಿ ಕೆಲಸದ ಸರದಿ ತಲೆಕೆಳಗಾಗುವುದೇ ಮಾಮೂಲಿ ತಪ್ಪು. ಕಿಕ್ ಮೊದಲು, ಪೇಂಟ್ ಆಮೇಲೆ, ಕಾಗದಪತ್ರ ಕೊನೆಗೆ ಎಂದು ಹೊರಡುತ್ತಾರೆ. ಆಗಬೇಕಾದದ್ದು ಕಾಗದಪತ್ರ, ರಬ್ಬರು, ಎಂಜಿನ್ನು, ಕಟ್ಟಕಡೆಗೆ ಕಿಕ್. ಪೇಂಟಂತೂ ಬಹಳ ಸಲ ಬೇಕೇ ಆಗುವುದಿಲ್ಲ.

ಕೊಟ್ಟಿಗೆಯಿಂದ ಹೊರಗೆ ತರುವ ಮುಂಚೆ

ಮೊದಲು ಫೋಟೊ. ಗಾಡಿ ನಿಂತ ಹಾಗೇ ನಾಲ್ಕು ಕಡೆಯಿಂದ, ಆಮೇಲೆ ಪ್ರತಿಯೊಂದು ವೈರು, ಕೇಬಲ್ಲು ಎಲ್ಲಿ ಹಾದುಹೋಗಿದೆ ಎಂಬುದು ಹತ್ತಿರದಿಂದ. ಹೆಡ್‌ಲೈಟ್ ಗೂಡಿನೊಳಗಿನ ಆರು ವೋಲ್ಟಿನ ವೈರಿಂಗ್ ಬಿಚ್ಚಿದ ಮೇಲೆ ನೆನಪಿನಿಂದ ಜೋಡಿಸಲು ಆಗುವ ಮಾತಲ್ಲ.

ಟೂಲ್ ಬಾಕ್ಸಿನಲ್ಲಿ ಸಿಕ್ಕ ಸಾಮಾನನ್ನು ಯಾರೂ ಎಸೆಯಬಾರದು. ಇಲ್ಲಿ ಸಿಕ್ಕಿದ್ದು: ಒಂದು ಪ್ಲಗ್ ಸ್ಪ್ಯಾನರ್, ಎರಡು ಚೈನ್ ಲಾಕು, ಮಾಸಿದ ಬನಿಯನ್ ಬಟ್ಟೆ, ಮತ್ತೆ ಒಂದು ಔಷಧಿ ಶೀಷೆ. ಶೀಷೆಯ ಮೈಗೆ ಡಾಕ್ಟರ್ ಪ್ಲಾಸ್ಟರಿನ ಒಂದು ಪಟ್ಟಿ, ಅದರ ಮೇಲೆ ಪೆನ್ನಿನ ಒಂದು ಗೆರೆ. ಗೆರೆವರೆಗೆ ನೀರು ಹಾಕಿ ಅಳೆದಾಗ 50 ಮಿ.ಲೀ. ಬಂತು. ‘ಒಂದು ಲೀಟರಿಗೆ ಒಂದು ಸೀಸೆ ಅಂತಿದ್ರು’ ಎಂದು ಮನೆಯ ಅಜ್ಜಿ ಹೇಳಿದ ಮೇಲೆ ಲೆಕ್ಕ ಸಿಕ್ಕಿತು. ಲೀಟರಿಗೆ 50 ಎಂದರೆ 1:20. ಮಾಮೂಲಿ ಎಂಜಿನ್ ಆಯಿಲನ್ನೇ ಪೆಟ್ರೋಲಿಗೆ ಬೆರೆಸುತ್ತಿದ್ದ ಕಾಲದ ಪ್ರಮಾಣ ಅದು. ಟೂ ಸ್ಟ್ರೋಕಿಗೆಂದೇ ಮಾಡಿದ ಈಗಿನ ಒಳ್ಳೆಯ 2ಟಿ ಆಯಿಲಿಗೆ ಲೀಟರಿಗೆ 40 ಮಿ.ಲೀ. ಸಾಕು. 50 ಹಾಕಿದರೆ ಗಾಡಿ ಕೆಡುವುದಿಲ್ಲ, ಸೈಲೆನ್ಸರ್ ಬೇಗ ಕಟ್ಟಿಕೊಳ್ಳುತ್ತದೆ ಅಷ್ಟೆ.

ಅಜ್ಜಿಯಿಂದ ಇನ್ನೊಂದು ಮಾತೂ ಬಂತು: ‘ನಿಲ್ಲಿಸಿದ ದಿನ ಟಾಂಕಿ ತುಂಬಿಸಿಟ್ಟಿದ್ರು.’ ಇದು ಗಾಡಿಯ ಮಟ್ಟಿಗೆ ಒಳ್ಳೆಯ ಸುದ್ದಿ. ಪೆಟ್ರೋಲು ವರ್ಷಗಳಲ್ಲಿ ಆವಿಯಾಗಿ ಹೋದರೂ ಅದರಲ್ಲಿ ಬೆರೆತಿದ್ದ ಎಣ್ಣೆ ತಗಡಿಗೆ ಅಂಟಿಕೊಂಡು ಉಳಿಯುತ್ತದೆ. ಟಾಂಕಿಯ ತಳದಲ್ಲಿ ಹಲಸಿನ ಅಂಟಿನಂಥ ಕಂದು ಪದರ ಕಟ್ಟಿತ್ತು, ತುಕ್ಕು ಇದ್ದದ್ದು ಮುಚ್ಚಳದ ಸುತ್ತ ಮಾತ್ರ. ಅರ್ಧ ಖಾಲಿ ಇಟ್ಟಿದ್ದರೆ ಮೇಲ್ಭಾಗವೆಲ್ಲ ಜರಡಿಯಾಗಿರುತ್ತಿತ್ತು.

ಆರ್‌ಸಿ ಯಾರ ಹೆಸರಿಗೆ

ಮನೆಯವರು ಇದನ್ನು ಕೊನೆಗೆ ನೋಡಿದರಾಯಿತು ಎಂದುಕೊಂಡಿದ್ದರು. ಹಾಗೆ ಮಾಡಿದ್ದರೆ ಫಜೀತಿ. ಗಾಡಿಗೆ ದುಡ್ಡು ಸುರಿದ ಮೇಲೆ ಒಬ್ಬ ವಾರಸುದಾರ ‘ನನ್ನ ಪಾಲು’ ಎಂದರೆ ಎಲ್ಲವೂ ಅಲ್ಲಿಗೇ ನಿಲ್ಲುತ್ತದೆ.

ಮಾಲೀಕರು ತೀರಿಕೊಂಡರೆ ವಾಹನ ವಾರಸುದಾರರ ಹೆಸರಿಗೆ ಹೋಗುವುದು ಫಾರಂ 31ರಲ್ಲಿ. ಮಾರಾಟಕ್ಕೆ ಬಳಸುವ 29, 30 ಇಲ್ಲಿ ಸಲ್ಲದು. ಸತ್ತವರ ಸಹಿ ಹಾಕಿ 30 ತುಂಬಿಸಿಕೊಡುವ ದಲ್ಲಾಳಿಗಳಿದ್ದಾರೆ. ಅದು ನಕಲಿ ಸಹಿಯ ಅಪರಾಧ, ಅಡ್ಡದಾರಿ ಎಂದು ಸಮಾಧಾನ ಮಾಡಿಕೊಳ್ಳುವಂಥದ್ದಲ್ಲ. ನಿಯಮದ ಪ್ರಕಾರ ಮರಣದ 30 ದಿನದೊಳಗೆ ನೋಂದಣಿ ಕಚೇರಿಗೆ ತಿಳಿಸಬೇಕು, ಮೂರು ತಿಂಗಳೊಳಗೆ ಅರ್ಜಿ ಹಾಕಬೇಕು. ಇಲ್ಲಿ ಹದಿನಾರು ವರ್ಷ ಕಳೆದಿತ್ತು. ತಡವಾದದ್ದಕ್ಕೆ ದಂಡ ಕಟ್ಟಬೇಕಾಯಿತು, ಅರ್ಜಿ ತಿರಸ್ಕಾರವಾಗಲಿಲ್ಲ.

ವಾರಸುದಾರರು ನಾಲ್ವರು: ಅಜ್ಜಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು. ಗಾಡಿ ಬೇಕಾದದ್ದು ಮಗಳ ಮಗನಿಗೆ. ತಾಯಿ ಬದುಕಿರುವಾಗ ಅವನು ನೇರ ವಾರಸುದಾರ ಅಲ್ಲ, ಆದ್ದರಿಂದ ಆರ್‌ಸಿ ಮಗಳ ಹೆಸರಿಗೆ ಹೋಯಿತು. ಅವಳಿಗೆ ಲೈಸೆನ್ಸ್ ಇಲ್ಲವಲ್ಲ ಎಂಬ ಅನುಮಾನ ಮನೆಯಲ್ಲಿ ಎದ್ದಿತ್ತು. ಲೈಸೆನ್ಸ್ ಬೇಕಾದದ್ದು ಓಡಿಸುವವನಿಗೆ, ಮಾಲೀಕರಿಗಲ್ಲ. ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಉಳಿದ ಮೂವರಿಂದ ಛಾಪಾ ಕಾಗದದ ಮೇಲೆ ಆಕ್ಷೇಪವಿಲ್ಲ ಎಂಬ ಪ್ರಮಾಣಪತ್ರ, ಮೂಲ ಆರ್‌ಸಿ ಪುಸ್ತಕ, ಹೊಸದಾಗಿ ಮಾಡಿಸಿದ ಥರ್ಡ್ ಪಾರ್ಟಿ ವಿಮೆ ಇವಿಷ್ಟು ಬೇಕಾದವು.

‘ಎಂವೈ’ ಎಂದು ಶುರುವಾಗುವ ಮೈಸೂರು ರಾಜ್ಯದ ಕಾಲದ ನಂಬರು ಆನ್‌ಲೈನ್ ವಾಹನ್ ದಾಖಲೆಯಲ್ಲಿ ಇರಲಿಲ್ಲ. ಹಳೆಯ ಗಾಡಿಗಳಲ್ಲಿ ಇದು ಸಾಮಾನ್ಯ. ಆರ್‌ಟಿಒ ಕಚೇರಿಯ ಹಳೆಯ ರಿಜಿಸ್ಟರ್ ನೋಡಿ ಬ್ಯಾಕ್‌ಲಾಗ್ ಎಂಟ್ರಿ, ಅಂದರೆ ಹಳೆಯ ದಾಖಲೆಯನ್ನು ಆನ್‌ಲೈನಿಗೆ ಏರಿಸುವ ಕೆಲಸ, ಮಾಡಿದ ಮೇಲಷ್ಟೇ ಬೇರೆ ಅರ್ಜಿಗಳು ಮುಂದಕ್ಕೆ ಹೋದವು. ಈ ಒಂದು ಎಂಟ್ರಿಗೆ ತಗುಲಿದ ಕಾಲ ಎಂಜಿನ್ ಕೆಲಸಕ್ಕಿಂತ ಹೆಚ್ಚು.

ಆಮೇಲೆ ನೋಂದಣಿಯ ನವೀಕರಣ, ಫಾರಂ 25ರಲ್ಲಿ, ಐದು ವರ್ಷಕ್ಕೆ. ಇಲ್ಲಿ ಒಂದು ಆಯ್ಕೆ ಇತ್ತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ಸ್ವರೂಪ ಕಳೆದುಕೊಳ್ಳದ ವಾಹನಕ್ಕೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಸಿಗುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ, ಮರುನವೀಕರಣಕ್ಕೆ 5,000. ಕೇಳಲು ಘನವಾಗಿದೆ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ವಿಂಟೇಜ್ ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ಮತ್ತು ರಿಪೇರಿಗೆ ಮಾತ್ರ ರಸ್ತೆಗೆ ತರಬಹುದು, ದಿನಬಳಕೆಗೆ ಇಲ್ಲ. ಭಾನುವಾರ ಚಾಮುಂಡಿ ಬೆಟ್ಟದ ತಪ್ಪಲಿಗೆ ಹೋಗಿ ಬರಬೇಕು ಎನ್ನುವವನಿಗೆ ಅದು ತಾನೇ ಕೊರಳಿಗೆ ಕಟ್ಟಿಕೊಂಡ ಗುಂಡುಕಲ್ಲು. ಮಾಮೂಲಿ ನವೀಕರಣವೇ ಸರಿ ಎಂದು ಮನೆಯವರು ತೀರ್ಮಾನಿಸಿದರು, ಅದು ಸರಿಯಾದ ತೀರ್ಮಾನ.

ತಪಾಸಣೆಯಲ್ಲಿ ಇನ್‌ಸ್ಪೆಕ್ಟರ್ ಮೊದಲು ನೋಡುವುದು ಚಾಸಿ ನಂಬರು. ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆದಾಗ ಪ್ರತಿ ಅಂಕಿಯೂ ಮೂಡಬೇಕು. ಸ್ಯಾಂಡ್ ಬ್ಲಾಸ್ಟ್ ಹೊಡೆಸಿ ಪೌಡರ್ ಕೋಟ್ ಮಾಡಿಸಿದ ಫ್ರೇಮಿನಲ್ಲಿ ಅಂಕಿ ಹೂತುಹೋಗುತ್ತದೆ. ಆಗ ಅಂಕಿಯನ್ನು ಮತ್ತೆ ಕೆತ್ತಿಸಿದರಂತೂ ಕಳವು ಮಾಲಿನ ಅನುಮಾನ ಬೀಳುತ್ತದೆ. ಪೇಂಟಿನವನನ್ನು ವಾಪಸ್ ಕಳಿಸಿದ್ದಕ್ಕೆ ಮೊದಲ ಕಾರಣ ಇದೇ.

ಎರಡು ರೋಗ, ಎರಡು ಸೀಲು

ಈಗ ಎಂಜಿನ್ನಿಗೆ ಬರೋಣ. ಟೂ ಸ್ಟ್ರೋಕ್ ಎಂಜಿನ್ನಿನ ಕ್ರ್ಯಾಂಕ್ ಕೇಸ್, ಅಂದರೆ ಪಿಸ್ಟನ್ನಿನ ಕೆಳಗೆ ಕ್ರ್ಯಾಂಕ್ ತಿರುಗುವ ಗೂಡು, ಗಾಳಿಯಾಡದ ಡಬ್ಬಿಯಂತಿರಬೇಕು. ಪಿಸ್ಟನ್ ಮೇಲೆ ಹೋದಾಗ ಮಿಶ್ರಣ ಒಳಕ್ಕೆ ಎಳೆದುಕೊಳ್ಳುತ್ತದೆ, ಕೆಳಗೆ ಬಂದಾಗ ಒತ್ತಿ ಸಿಲಿಂಡರಿಗೆ ಕಳಿಸುತ್ತದೆ. ಕ್ರ್ಯಾಂಕಿನ ಎರಡು ತುದಿಯಲ್ಲೂ ಈ ಡಬ್ಬಿಯನ್ನು ಮುಚ್ಚುವುದು ರಬ್ಬರಿನ ಆಯಿಲ್ ಸೀಲು. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಅದರ ತುಟಿ ಒಣಗಿ ಕೊಬ್ಬರಿ ಚಿಪ್ಪಿನಷ್ಟು ಗಟ್ಟಿಯಾಗುತ್ತದೆ.

ಜಾವಾದಲ್ಲಿ ಬಲಗಡೆ ಡೈನಮೋ, ಎಡಗಡೆ ಕ್ಲಚ್ಚು ಮತ್ತು ಪ್ರೈಮರಿ ಚೈನು. ಎಡಗಡೆಯ ಕೋಣೆ ಗೇರ್ ಬಾಕ್ಸಿನ ಎಣ್ಣೆಯಲ್ಲೇ ಮುಳುಗಿರುತ್ತದೆ. ಬಲ ಸೀಲು ಹೋದರೆ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ, ಮಿಶ್ರಣ ತೆಳುವಾಗುತ್ತದೆ, ರೇಸ್ ತಾನೇ ಏರುತ್ತದೆ. ಹಾಗೇ ಓಡಿಸಿದರೆ ಪಿಸ್ಟನ್ ಕಾದು ಸಿಲಿಂಡರಿಗೆ ಕಚ್ಚಿಕೊಂಡು ಸೀಜ್ ಆಗುತ್ತದೆ. ಎಡ ಸೀಲು ಹೋದರೆ ಗೇರ್ ಎಣ್ಣೆ ಒಳಕ್ಕೆ ಎಳೆದುಕೊಂಡು ಉರಿಯುತ್ತದೆ: ದಟ್ಟ ಬಿಳಿ ಹೊಗೆ, ಒದ್ದೆ ಪ್ಲಗ್. ಹಿತ್ತಿಲಲ್ಲಿ ಆ ಎರಡು ನಿಮಿಷ ಕಂಡದ್ದು ಎರಡೂ ಒಟ್ಟಿಗೆ. ಗೇರ್ ಬಾಕ್ಸಿನ ಡ್ರೈನ್ ಬಿಚ್ಚಿ ಅಳತೆ ಜಾಡಿಗೆ ಹಿಡಿದಾಗ ಒಂದು ಲೀಟರ್ ಇರಬೇಕಾದಲ್ಲಿ ಬಂದದ್ದು 600 ಮಿ.ಲೀ. ಉಳಿದದ್ದು ಹದಿನೇಳು ವರ್ಷದಲ್ಲಿ ಮೆಲ್ಲಗೆ ಕ್ರ್ಯಾಂಕ್ ಕೇಸಿಗೆ ಇಳಿದಿತ್ತು.

ಆದರೂ ಊಹೆಯ ಮೇಲೆ ಎಂಜಿನ್ ಸೀಳಬಾರದು. ಖಚಿತಪಡಿಸಿಕೊಳ್ಳಲು ಒತ್ತಡ ಪರೀಕ್ಷೆ ಇದೆ, ಅದಕ್ಕೆ ವರ್ಕ್‌ಶಾಪ್ ಯಂತ್ರ ಬೇಕಿಲ್ಲ. ಮನೆಯಲ್ಲಿ ಬಿಪಿ ನೋಡುವ ಹಳೆಯ ಗಡಿಯಾರ ಮಾದರಿಯ ಯಂತ್ರ ಇದ್ದರೆ ಸಾಕು. ಅದರ ಮುಳ್ಳು ಹೋಗುವುದು 300ರವರೆಗೆ. ಪಾದರಸದ 300 ಮಿ.ಮೀ. ಎಂದರೆ 0.4 ಬಾರ್, ಟೂ ಸ್ಟ್ರೋಕ್ ಪರೀಕ್ಷೆಗೆ ಬೇಕಾದದ್ದೂ ಸುಮಾರು ಅಷ್ಟೇ. ಅದಕ್ಕಿಂತ ಹೆಚ್ಚು ಒತ್ತಿದರೆ ಚೆನ್ನಾಗಿರುವ ಸೀಲೂ ಮಗುಚಿಕೊಳ್ಳುತ್ತದೆ.

ಮಾಡಿದ ರೀತಿ ಹೀಗೆ. ಎರಡೂ ಸೈಲೆನ್ಸರ್ ಪೈಪು, ಕಾರ್ಬೊರೇಟರ್ ಕಳಚಿದರು. ಸೈಕಲ್ ಟ್ಯೂಬಿನ ರಬ್ಬರು ಕತ್ತರಿಸಿ ಕಾರ್ಬೊರೇಟರ್ ಕೂರುವ ಫ್ಲ್ಯಾಂಜಿಗೆ ತಗಡಿನ ತುಂಡಿನೊಂದಿಗೆ ಬಿಗಿದರು, ಎರಡು ಎಕ್ಸಾಸ್ಟ್ ಬಾಯಿಗೂ ರಬ್ಬರ್ ಬಿರಡೆ. ಪೋರ್ಟುಗಳು (ಸಿಲಿಂಡರ್ ಗೋಡೆಯ ಕಿಂಡಿಗಳು) ತೆರೆದಿರಲೆಂದು ಪಿಸ್ಟನ್ನನ್ನು ಪೂರ್ತಿ ಕೆಳಗೆ ತಂದು ನಿಲ್ಲಿಸಿದರು. ಹಳೆಯ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು ಅದರ ತೂತಿಗೆ ಬಿಪಿ ಯಂತ್ರದ ರಬ್ಬರ್ ನಳಿಕೆ ಸೇರಿಸಿ, ಆ ಪ್ಲಗ್ಗನ್ನೇ ಹೆಡ್ಡಿಗೆ ತಿರುಗಿಸಿದರು. ಬುರುಡೆ ಒತ್ತುತ್ತಾ 300ಕ್ಕೆ ಏರಿಸಿ ಕೀಲು ಮುಚ್ಚಿದರು. ಸುಸ್ಥಿತಿಯ ಎಂಜಿನ್ ಐದಾರು ನಿಮಿಷ ಮುಳ್ಳನ್ನು ಹೆಚ್ಚು ಕಡಿಮೆ ಅಲ್ಲೇ ಹಿಡಿದಿಡಬೇಕು. ಇಲ್ಲಿ ಹತ್ತು ಎಣಿಸುವುದರೊಳಗೆ ಸೊನ್ನೆ.

ಎಲ್ಲಿಂದ ಹೋಗುತ್ತಿದೆ ಎಂದು ನೋಡಲು ಸೋಪಿನ ನೀರು. ಡೈನಮೋ ಬಿಚ್ಚಿ ಬಲ ಸೀಲಿನ ಸುತ್ತ ಬ್ರಷ್ಷಿನಲ್ಲಿ ಹಚ್ಚಿದಾಗ ನೊರೆ ಉಕ್ಕಿತು. ಎಡಗಡೆಯದು ಮೋಸಗಾರ. ಆ ಸೀಲಿನಿಂದ ಹೊರಟ ಗಾಳಿ ಗೇರ್ ಬಾಕ್ಸಿನೊಳಗೇ ಹೋಗುವುದರಿಂದ ಹೊರಗೆಲ್ಲೂ ಗುಳ್ಳೆ ಕಾಣುವುದಿಲ್ಲ. ಗೇರ್ ಎಣ್ಣೆ ಹಾಕುವ ತೂತಿನ ಮುಚ್ಚಳ ತೆಗೆದು, ಮಕ್ಕಳು ಗುಳ್ಳೆ ಊದುವ ಹಾಗೆ ಬಾಯಿಗೆ ಸೋಪಿನ ಪರದೆ ಕಟ್ಟಬೇಕು. ಕಟ್ಟಿ ಮತ್ತೆ ಒತ್ತಡ ಏರಿಸಿದರೆ ಪರದೆ ನಿಧಾನವಾಗಿ ಉಬ್ಬಿ, ನಿಂಬೆಹಣ್ಣಿನಷ್ಟು ಆಗಿ ಒಡೆಯಿತು. ಎಡ ಸೀಲಿಗೆ ಬೇರೆ ಸಾಕ್ಷಿ ಬೇಡ.

ಕಾರ್ಬೊರೇಟರ್ ನಿರಪರಾಧಿ. ಜಿಕೊವ್ ವಾಪಸ್ ಬಂತು, ಜೆಟ್ಟುಗಳನ್ನು ಪೆಟ್ರೋಲಿನಲ್ಲಿ ನೆನೆಸಿ ಗಾಳಿ ಹೊಡೆದದ್ದು ಬಿಟ್ಟರೆ ಅದಕ್ಕೆ ಬೇರೆ ಏನೂ ಬೇಕಾಗಲಿಲ್ಲ. ತಂತಿ ತೂರಿಸಿ ಜೆಟ್ ತೂತು ದೊಡ್ಡದು ಮಾಡುವ ಕೆಟ್ಟ ಅಭ್ಯಾಸ ಕೆಲವು ಕೈಗಳಿಗಿದೆ, ಅವರಿಂದ ದೂರವಿರಬೇಕು.

ಎಂಜಿನ್ ಸೀಳಿದಾಗ

ಹೆಡ್ಡು, ಬ್ಯಾರಲ್ (ಸಿಲಿಂಡರಿನ ಭಾಗ) ಎತ್ತಿದಾಗ ಮೂರನೇ ಗೇರಿನಲ್ಲಿ ತಳ್ಳಿದ್ದರ ಫಲ ಕಂಡಿತು. ಪಿಸ್ಟನ್ನಿನ ಮೇಲಿನ ರಿಂಗು ಎರಡು ತುಂಡಾಗಿತ್ತು, ಎಕ್ಸಾಸ್ಟ್ ಪೋರ್ಟಿನ ಬದಿಯಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರು. ಎರಕದ ಕಬ್ಬಿಣದ ಬ್ಯಾರಲ್‌ನಲ್ಲಿ ರಿಂಗು ನಿಂತ ಜಾಗದಲ್ಲೇ ತುಕ್ಕು ಹಿಡಿದು ಬೆಸೆದುಕೊಂಡಿರುತ್ತದೆ, ಬಲ ಬಿದ್ದರೆ ಬಿಡುವುದು ತುಕ್ಕಲ್ಲ, ಮುರಿಯುವುದು ರಿಂಗು. ಮಾಡಬೇಕಾಗಿದ್ದದ್ದು ಇಷ್ಟೇ: ಡೀಸೆಲ್ ಮತ್ತು ತೆಳು ಎಣ್ಣೆ ಸಮಪಾಲು ಬೆರೆಸಿ 30 ಮಿ.ಲೀ. ಪ್ಲಗ್ ತೂತಿನಿಂದ ಬಿಟ್ಟು, ದಿನಕ್ಕೊಮ್ಮೆ ಸ್ವಲ್ಪ ಸೇರಿಸುತ್ತಾ ಒಂದು ವಾರ ಕಾಯುವುದು. ಆಮೇಲೆ ಡೈನಮೋ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಬಿಗಿಯುವ ದಿಕ್ಕಿಗೆ ಕೈಬಲದಲ್ಲಷ್ಟೇ ಒತ್ತುವುದು. ಬರದಿದ್ದರೆ ಇನ್ನೊಂದು ವಾರ. ಕಿಕ್ಕರ್ ಮೇಲೆ ಹತ್ತಿ ನಿಲ್ಲುವವರು ಕಿಕ್ಕಿನ ಹಲ್ಲನ್ನೂ ಕಳೆದುಕೊಳ್ಳುತ್ತಾರೆ.

ಪಿಸ್ಟನ್ ತಲೆಯ ಮೇಲೆ 65.25 ಎಂಬ ಮುದ್ರೆ ಇತ್ತು. ಅಂದರೆ ಈ ಗಾಡಿ ಮೊದಲೇ ಒಮ್ಮೆ ಬೋರಿಂಗ್ ಕಂಡಿದೆ. ಈ ಸಲ 65.50ಕ್ಕೆ ಕೊರೆದರೂ ತುಕ್ಕಿನ ಚುಕ್ಕೆಗಳು ಉಳಿದವು, 65.75ಕ್ಕೆ ಹೋದ ಮೇಲೆ ಗೋಡೆ ಚೊಕ್ಕಟವಾಯಿತು. ಬೋರಿಂಗಿಗೆ ಕೊಡುವಾಗ ಪಾಲಿಸಬೇಕಾದ ಒಂದು ನಿಯಮ: ಪಿಸ್ಟನ್ ಮೊದಲು ತಂದು ಕೈಗೆ ಕೊಡಬೇಕು, ಆ ಪಿಸ್ಟನ್ನಿನ ಅಳತೆಗೆ ಬೋರು ಕೊರೆಯಬೇಕು. ಅಂದಾಜಿಗೆ ಕೊರೆಸಿ ಆಮೇಲೆ ಪಿಸ್ಟನ್ ಹುಡುಕಿದರೆ ಒಂದೋ ಗಲಗಲ, ಇಲ್ಲ ಹತ್ತನೇ ಕಿಲೋಮೀಟರಿಗೆ ಸೀಜ್.

ಕೊರೆದ ಮೇಲೆ ಪೋರ್ಟುಗಳ ಅಂಚು ಬ್ಲೇಡಿನಂತಿರುತ್ತದೆ. ಸಣ್ಣ ಅರದಿಂದಲೋ ಕಲ್ಲಿನಿಂದಲೋ ಆ ಅಂಚನ್ನು ಮೊಂಡು ಮಾಡಬೇಕು. ಲೇತಿನವರು ಮರೆಯುವುದು ಇದನ್ನೇ. ಮರೆತರೆ ಹೊಸ ರಿಂಗು ಪೋರ್ಟಿಗೆ ಸಿಕ್ಕಿಕೊಂಡು ಮತ್ತೆ ಮುರಿಯುತ್ತದೆ. ರಿಂಗನ್ನು ಪಿಸ್ಟನ್ನಿಗೆ ಹಾಕುವ ಮುಂಚೆ ಬರೀ ಬೋರಿನಲ್ಲಿ ಇಟ್ಟು ಬಾಯಿಯ ಸಂದು ಫೀಲರ್ ಗೇಜಿನಿಂದ (ಸಂದು ಅಳೆಯುವ ತೆಳು ತಗಡು) ನೋಡಿದರು, 0.25 ಮಿ.ಮೀ. ಆಸುಪಾಸು ಇತ್ತು, ಸರಿ. ಪಿಸ್ಟನ್ನನ್ನು ರಾಡಿಗೆ ಸೇರಿಸುವ ಗಜನ್ ಪಿನ್ನಿನ ಲಾಕು ಯಾವತ್ತೂ ಹೊಸದೇ. ಎರಡು ಕಾಸಿನ ಹಳೇ ಲಾಕು ಕಳಚಿಕೊಂಡು ಹೊಸ ಬೋರನ್ನೆಲ್ಲ ಉತ್ತುಬಿಡುತ್ತದೆ.

ಕೇಸ್ ಬೇರ್ಪಡಿಸುವಾಗ ಸುತ್ತಿಗೆ ಮುಟ್ಟಬಾರದು. ಕ್ರ್ಯಾಂಕಿನ ತುದಿಗೆ ಬಿದ್ದ ಒಂದು ಪೆಟ್ಟು ಅದನ್ನು ಸೊಟ್ಟ ಮಾಡಲು ಸಾಕು. ಬಿಸಿಗಾಳಿ ಗನ್ನಿನಿಂದ ಅಲ್ಯೂಮಿನಿಯಂ ಕೇಸನ್ನು ಬೇರಿಂಗಿನ ಸುತ್ತ ನೀರಹನಿ ಚುಯ್ ಎನ್ನುವಷ್ಟು ಕಾಯಿಸಿದಾಗ ಬೇರಿಂಗು ತಾನೇ ಸಡಿಲಿತು. ಹೊಸ ಬೇರಿಂಗು ತರುವಾಗ ಹಳೆಯದರ ಮೇಲಿನ ನಂಬರಿನ ಜೊತೆ ಸಿ3 ಎಂಬ ಗುರುತೂ ಇರಬೇಕು, ಒಳಗೆ ಸ್ವಲ್ಪ ಹೆಚ್ಚು ಸಡಿಲ ಇದೆ ಎಂದು ಅದರ ಅರ್ಥ. ಆ ಸಡಿಲ ಇಲ್ಲದ ಬೇರಿಂಗು ಎಂಜಿನ್ ಕಾದಾಗ ಹಿಡಿದುಕೊಳ್ಳುತ್ತದೆ. ಕನೆಕ್ಟಿಂಗ್ ರಾಡನ್ನು ನೇರ ಮೇಲಕ್ಕೆಳೆದು ಅಲುಗಿಸಿದಾಗ ಬಿಗ್ ಎಂಡಿನಲ್ಲಿ, ಅಂದರೆ ರಾಡು ಕ್ರ್ಯಾಂಕಿಗೆ ಸೇರುವ ತುದಿಯಲ್ಲಿ, ಒಂದಿಷ್ಟೂ ಆಟ ಸಿಗಲಿಲ್ಲ. ಅಕ್ಕಪಕ್ಕದ ಆಟ ಇರಬೇಕಾದದ್ದೇ, ಅದಕ್ಕೆ ಹೆದರಬೇಕಿಲ್ಲ. ಸೀಲು ಕೂರಿಸುವ ಮುಂಚೆ ತುಟಿಗೆ ಎಣ್ಣೆ ಸವರಬೇಕು. ಒಣ ಸೀಲು ಮೊದಲ ನಿಮಿಷದಲ್ಲೇ ಸುಟ್ಟುಕೊಳ್ಳುತ್ತದೆ.

ಕಿಡಿ, ಕರೆಂಟು, ಟಾಂಕಿ

353ರ ಇಗ್ನಿಷನ್ ಬ್ಯಾಟರಿಯಿಂದ ನಡೆಯುತ್ತದೆ, ಆರು ವೋಲ್ಟು. ಬ್ಯಾಟರಿ ಸತ್ತಿದ್ದರೆ ಕಿಡಿ ಇಲ್ಲ. 12 ವೋಲ್ಟಿಗೆ ಬದಲಿಸಿ ಎಂಬ ಸಲಹೆ ಎಲ್ಲ ಕಡೆಯಿಂದ ಬಂತು. ರಾತ್ರಿ ಹೆದ್ದಾರಿಯಲ್ಲಿ ಓಡಿಸುವವರಿಗೆ ಅದು ಸರಿಯೇ. ಹಗಲಲ್ಲಿ ಊರೊಳಗೆ ಓಡುವ ಗಾಡಿಯ ಡೈನಮೋ ಕಿತ್ತೆಸೆಯುವುದು ವ್ಯರ್ಥ. ಕಾರ್ಬನ್ ಬ್ರಷ್ ಬದಲಿಸಿ, ಕಮ್ಯುಟೇಟರ್ ಮೇಲಿನ ಮಸಿ ಒರೆಸಿ, ತಾಮ್ರದ ಪಟ್ಟಿಗಳ ನಡುವಿನ ಸಂದಿಯನ್ನು ಹ್ಯಾಕ್ಸಾ ಬ್ಲೇಡಿನ ಚೂರಿನಿಂದ ಕೆರೆದು ಶುದ್ಧ ಮಾಡಿದ ಮೇಲೆ ಚಾರ್ಜ್ ಬಂತು. ಪಾಯಿಂಟ್ (ಕಿಡಿಗಾಗಿ ಕರೆಂಟು ಕಡಿಯುವ ಸ್ವಿಚ್ಚು) ಸಂದು 0.4 ಮಿ.ಮೀ., ಪ್ಲಗ್ ಸಂದು 0.6. ಪಾಯಿಂಟ್ ತುದಿಯಲ್ಲಿ ಹಳದಿ ಕಿಡಿ ಜೋರಾಗಿ ಹಾರುತ್ತಿದ್ದರೆ ಕಂಡೆನ್ಸರ್ ಸತ್ತಿದೆ ಎಂದೇ ಅರ್ಥ. ಇಲ್ಲಿ ಸತ್ತಿತ್ತು.

ಟಾಂಕಿಯ ಅಂಟನ್ನು ಮೊದಲು ಥಿನ್ನರಿನಿಂದ ಎರಡು ಸಲ ಕುಲುಕಿ ತೆಗೆದರು. ಅಂಟು ಇರುವಾಗ ಆಸಿಡ್ ಹಾಕಿದರೆ ಕೆಳಗಿನ ತುಕ್ಕಿಗೆ ಅದು ತಲುಪುವುದೇ ಇಲ್ಲ. ಆಮೇಲೆ ಲೀಟರ್ ಬಿಸಿನೀರಿಗೆ 80 ಗ್ರಾಂ ಸಿಟ್ರಿಕ್ ಆಸಿಡ್, ಅಂದರೆ ಅಂಗಡಿಯ ನಿಂಬೆ ಉಪ್ಪು, ಬೆರೆಸಿ ಕಂಠದವರೆಗೆ ತುಂಬಿ ಒಂದು ರಾತ್ರಿ. ಬೆಳಿಗ್ಗೆ ಸುರಿದು, ಅಡುಗೆ ಸೋಡಾ ನೀರಿನಲ್ಲಿ ತೊಳೆದು, ತಕ್ಷಣ ಹೇರ್ ಡ್ರೈಯರಿನಿಂದ ಒಣಗಿಸಿ, 100 ಮಿ.ಲೀ. 2ಟಿ ಆಯಿಲ್ ಹಾಕಿ ಎಲ್ಲ ಕಡೆ ಹೊರಳಿಸಿದರು. ಒಣಗಿಸುವುದನ್ನು ಸಂಜೆಗೆ ಎಂದು ಬಿಟ್ಟರೆ ಮಧ್ಯಾಹ್ನಕ್ಕೇ ಕೇಸರಿ ಬಣ್ಣದ ಹೊಸ ತುಕ್ಕು. ಹೊರಗಿನ ಮರೂನ್ ಪೇಂಟಿಗೂ ಕ್ರೋಮಿಗೂ ತಾಗದಂತೆ ಮುಚ್ಚಳದ ಸುತ್ತ ಗ್ರೀಸು ಬಳಿದಿದ್ದರು.

ಸಣ್ಣ ಉಕ್ಕಿನ ಸಾಮಾನಿಗೆ ಮಂಡ್ಯದ ಕಡೆಯ ಕಾಕಂಬಿಗಿಂತ ಒಳ್ಳೆಯ ಮದ್ದು ಇಲ್ಲ. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು, ಬಕೆಟ್ಟಿನಲ್ಲಿ ಎರಡು ವಾರ. ಬೋಲ್ಟು, ಸ್ಟ್ಯಾಂಡು, ಚೈನ್ ಕೇಸ್ ಎಲ್ಲ ಬೆತ್ತಲೆ ಕಬ್ಬಿಣವಾಗಿ ಬಂದವು. ವಾಸನೆಗೆ ಮನೆಯವರು ಬೈಯುತ್ತಾರೆ, ಅದು ಬೇರೆ. ಅಲ್ಯೂಮಿನಿಯಂ ಸಾಮಾನನ್ನು ಮಾತ್ರ ಅದರಲ್ಲಿ ಮುಳುಗಿಸಬಾರದು, ತಿಂದುಹಾಕುತ್ತದೆ.

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇದೆ. ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ, ಪೆಟ್ರೋಲ್ ಟ್ಯಾಪಿನ ಹಳೆಯ ಕಾರ್ಕು ಮತ್ತು ರಬ್ಬರ್ ಪೈಪನ್ನು ಮೆತ್ತಗಾಗಿಸುತ್ತದೆ, ಮಿಶ್ರಣವನ್ನು ಕೊಂಚ ತೆಳು ಮಾಡುತ್ತದೆ. ಪೈಪು, ವಾಷರು ಎಥನಾಲ್ ತಡೆಯುವಂಥವು ಹಾಕಿದರು. ತಾತನ ಕಾಲದ ಪದ್ಧತಿ ಇಲ್ಲಿ ತಿರುಗುಮುರುಗಾಗಿದೆ ನೋಡಿ: ಆಗ ಟಾಂಕಿ ತುಂಬಿಸಿ ನಿಲ್ಲಿಸುವುದು ಜಾಣತನ, ಈಗ ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟಾಂಕಿಯನ್ನೂ ಕಾರ್ಬೊರೇಟರ್ ಬಟ್ಟಲನ್ನೂ ಖಾಲಿ ಮಾಡಿ ಎಣ್ಣೆ ಸವರಿಡಬೇಕು.

ಟಯರು ಎರಡೂ 3.25-16. ನೆಲಕ್ಕೆ ತಾಗುವ ಗುಂಡಿಯೆಲ್ಲ ನೋಡಲು ಚೆನ್ನಾಗಿದ್ದರೂ ಬದಿಯಲ್ಲಿ ಕೂದಲೆಳೆ ಬಿರುಕು, ಎರಡನ್ನೂ ಟ್ಯೂಬ್ ಸಮೇತ ಬದಲಿಸಿದರು. ಬ್ರೇಕ್ ಲೈನರಿನ ಹಳೇ ಧೂಳಿನಲ್ಲಿ ಕಲ್ನಾರು ಇರುತ್ತದೆ. ಬಾಯಲ್ಲಿ ಊದಬಾರದು, ಗಾಳಿ ಹೊಡೆಯಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಿ ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಬಿಸಾಕಬೇಕು.

ಪೇಂಟು ಮಾಡಿಸಲಿಲ್ಲ. ಟಾಂಕಿಯ ಮೊಣಕಾಲು ತಾಗುವ ಜಾಗದಲ್ಲಿ ಮರೂನ್ ಸವೆದು ಕೆಳಗಿನ ಪ್ರೈಮರ್ ಕಾಣುತ್ತದೆ. ಅದರ ಮೇಲೆ ಮೇಣ ಉಜ್ಜಿ ಬಿಟ್ಟರು.

ರ‍್ಯಾಲಿ ಸೈಕಲ್ಲು

ಸೈಕಲ್ಲಿನದು ಸಣ್ಣ ಕೆಲಸ. ತಾತ ಇದನ್ನು ‘ಸ್ವಾತಂತ್ರ್ಯ ಬಂದ ವರ್ಷ’ ತಂದದ್ದು ಎಂದು ಮನೆಯಲ್ಲಿ ಮಾತಿತ್ತು. ಹಿಂದಿನ ಚಕ್ರದ ಹಬ್ಬು (ನಡುವಿನ ಗುಂಬ) ಸ್ಟರ್ಮಿ ಆರ್ಚರ್ ಕಂಪನಿಯ ಮೂರು ಗೇರಿನದು. ಅದರ ಹೊಟ್ಟೆಯ ಮೇಲೆ ಎಣ್ಣೆ ಜಿಡ್ಡು ಒರೆಸಿದರೆ ತಯಾರಾದ ತಿಂಗಳು, ವರ್ಷ ಕಾಣುತ್ತದೆ. ಇಲ್ಲಿ ಕಂಡದ್ದು 7 ಮತ್ತು 54, ಅಂದರೆ 1954ರ ಜುಲೈ. ಚಕ್ರ ಬದಲಾಗಿರಬಹುದಲ್ಲ ಎಂದರು. ಮುಂದಿನ ಚಕ್ರದ ರಿಮ್ಮು, ಕಡ್ಡಿ, ಸವೆತ ಎಲ್ಲ ಹಿಂದಿನದಕ್ಕೆ ಜೋಡಿಯಂತೇ ಇತ್ತು, ಹಾಗಾಗಿ ಬದಲಾದ ಲಕ್ಷಣವಿಲ್ಲ. ಅಜ್ಜಿ ಒಪ್ಪಲಿಲ್ಲ.

ರ‍್ಯಾಲಿ ಸೈಕಲ್ಲಿನಲ್ಲಿ ಎಚ್ಚರ ಬೇಕಾದದ್ದು ಪೆಡಲ್ ಅಚ್ಚಿನ ಕಪ್ಪಿನ ಬಳಿ. ಇತರ ಇಂಗ್ಲಿಷ್ ಸೈಕಲ್ಲುಗಳಲ್ಲಿ ಇಂಚಿಗೆ 24 ಮರೆ (ತಿರುಪಿನ ಸುತ್ತು), ನಾಟಿಂಗ್‌ಹ್ಯಾಮಿನ ರ‍್ಯಾಲಿಯಲ್ಲಿ 26. ಕಣ್ಣಿಗೆ ಎರಡೂ ಒಂದೇ. ಅಂಗಡಿಯ ಮಾಮೂಲಿ ಕಪ್ಪು ಮೊದಲೆರಡು ಸುತ್ತು ಹೋಗಿ ಬಿಗಿಯಾಗುತ್ತದೆ. ‘ತುಕ್ಕು ಇರಬೇಕು’ ಎಂದು ಪಾನಾ ಹಾಕಿ ಒತ್ತಿದರೆ ಫ್ರೇಮಿನ ಮರೆ ಶಾಶ್ವತವಾಗಿ ಹೋಯಿತು. ಹಳೇ ಕಪ್ಪನ್ನೇ ತೊಳೆದು, ಕಾಲಿಂಚಿನ ಹೊಸ ಗುಂಡು ಹಾಕಿ ಮತ್ತೆ ಕೂರಿಸಿದರು. ಪೆಡಲ್ ಕೈಯನ್ನು ಅಚ್ಚಿಗೆ ಬಿಗಿಯುವ ಕಾಟರ್ ಪಿನ್ನೂ ಇಲ್ಲಿ 9.5 ಮಿ.ಮೀ., 9ರದು ತಂದರೆ ಪೆಡಲ್ ತುಳಿದಾಗಲೆಲ್ಲ ಟಕ್ ಟಕ್.

ಹಬ್ಬಿಗೆ ಗ್ರೀಸು ತುಂಬಬಾರದು, ಒಳಗಿನ ಪುಟ್ಟ ನಾಯಿಹಲ್ಲುಗಳು ಅಂಟಿಕೊಂಡು ಗೇರ್ ಹಿಡಿಯುವುದಿಲ್ಲ. ಹೊಲಿಗೆ ಯಂತ್ರದ ಎಣ್ಣೆಗಿಂತ ಸ್ವಲ್ಪ ದಪ್ಪದ ಎಣ್ಣೆ ಅರ್ಧ ಚಮಚ ಸಾಕು. ಕೇಬಲ್ ಹೊಂದಿಸಲು ಲಿವರನ್ನು ನಡುವಿನ ಗೇರಿಗೆ ಇಟ್ಟು ಬಲಗಡೆ ನಟ್ಟಿನ ಕಿಂಡಿಯಲ್ಲಿ ನೋಡಬೇಕು: ಒಳಗಿನ ಸರಪಳಿ ಕಡ್ಡಿಯ ಭುಜ ಅಚ್ಚಿನ ತುದಿಗೆ ಸಮನಾಗಿ ನಿಲ್ಲಬೇಕು. ಹೊಂದದಿದ್ದರೆ ಎರಡನೇ ಮತ್ತು ಮೂರನೇ ಗೇರಿನ ನಡುವೆ ಪೆಡಲು ಖಾಲಿ ಜಾರುತ್ತದೆ. ನಿಂತು ತುಳಿಯುವಾಗ ಹಾಗಾದರೆ ಹಲ್ಲು ಹೋಗುವುದು ಗ್ಯಾರಂಟಿ.

ಟಯರು 28 x 1½, ಹಾಲಿನವರ ಸೈಕಲ್ಲಿನದೇ ಅಳತೆಯಾದ್ದರಿಂದ ಯಾವ ಅಂಗಡಿಯಲ್ಲೂ ಸಿಗುತ್ತದೆ. ಹ್ಯಾಂಡಲ್ ಬಳಿ ಪುರಸಭೆಯ ಸೈಕಲ್ ತೆರಿಗೆಯ ಹಿತ್ತಾಳೆ ಬಿಲ್ಲೆಯೊಂದು ತಂತಿಯಲ್ಲಿ ಕಟ್ಟಿತ್ತು. ಹುಣಸೆಹಣ್ಣು ಹಾಕಿ ಥಳಥಳ ಮಾಡುತ್ತೇನೆಂದು ಹೊರಟವರನ್ನು ತಡೆದರು. ಅಂಕಿಗಳು ಈಗಾಗಲೇ ಸವೆದಿವೆ.

ಮೊದಲ ಐನೂರು ಕಿಲೋಮೀಟರು

ಎರಡನೇ ಸಲ ಒತ್ತಡ ಪರೀಕ್ಷೆ ಮಾಡಿದಾಗ ಮುಳ್ಳು ಆರು ನಿಮಿಷದಲ್ಲಿ 300ರಿಂದ 290ಕ್ಕಷ್ಟೇ ಇಳಿಯಿತು. ಆಮೇಲೆ ಕಿಕ್, ಮೂರನೆಯದಕ್ಕೆ ಎದ್ದಿತು. ಕಾದ ಮೇಲೆ ರೇಸ್ ಬಿಟ್ಟರೆ ತಾನೇ ಇಳಿದು ನಿಧಾನಕ್ಕೆ ಬಡಿಯುತ್ತಾ ನಿಂತಿತು.

ಹೊಸ ಬೋರಿಗೆ ಮೊದಲ 500 ಕಿ.ಮೀ. ತಾತನ ಶೀಷೆಯ ಲೆಕ್ಕವೇ ಸರಿ, ಲೀಟರಿಗೆ 50. ವೇಗ 50 ದಾಟಬಾರದು, ಒಂದೇ ವೇಗದಲ್ಲಿ ಬಹಳ ಹೊತ್ತು ಎಳೆಯಬಾರದು, ಇಳಿಜಾರಿನಲ್ಲಿ ರೇಸ್ ಮುಚ್ಚಿ ಗೇರಿನಲ್ಲೇ ಬಿಡಬಾರದು. ಟೂ ಸ್ಟ್ರೋಕಿಗೆ ಎಣ್ಣೆ ಬರುವುದು ಪೆಟ್ರೋಲಿನ ಜೊತೆಯಲ್ಲೇ, ರೇಸ್ ಮುಚ್ಚಿದರೆ ಎಣ್ಣೆಯೂ ನಿಂತಂತೆ. ಚಾಮುಂಡಿ ಬೆಟ್ಟದಿಂದ ಇಳಿಯುವಾಗ ಆಗಾಗ ಒಂದಿಷ್ಟು ರೇಸ್ ಕೊಡಬೇಕು ಎಂದು ಹುಡುಗನಿಗೆ ಹೇಳಿದ್ದು ಅದಕ್ಕೇ. ನೂರು ಕಿಲೋಮೀಟರಿಗೆ ಎಂಜಿನ್ ತಣ್ಣಗಿರುವಾಗ ಹೆಡ್ ನಟ್ಟುಗಳನ್ನು ಅಡ್ಡಡ್ಡವಾಗಿ ಮತ್ತೊಮ್ಮೆ ಬಿಗಿದರು, ಒಂದು ಕಾಲು ಸುತ್ತು ಬಂತು.

500ಕ್ಕೆ ಪ್ಲಗ್ ಬಿಚ್ಚಿದಾಗ ತುದಿ ಕಾಫಿಪುಡಿ ಬಣ್ಣ. ಗೇರ್ ಬಾಕ್ಸಿನ ಎಣ್ಣೆಯನ್ನು ಅದೇ ಅಳತೆ ಜಾಡಿಗೆ ಇಳಿಸಿದರು. ಹಾಕಿದ್ದು ಒಂದು ಲೀಟರ್, ಬಂದದ್ದು ಜಾಡಿಯ ಮೇಲಿನ ಗೆರೆಗೆ ಒಂದು ಕೂದಲು ಕಡಿಮೆ.